ಹೊಟ್ಟೆ ತುಂಬಿದರೆ ಸಾಕೇ?



ಬಿತ್ತನೆಯ ಹದ, ಗೊಬ್ಬರದ ಪ್ರಮಾಣ, ಹಸುವಿನ ಹಿಂಡಿ ಬೂಸಾ, ಇವುಗಳ ವಿಚಾರವನ್ನು ನಾವು ನೀವು ಬೇಕಾದಷ್ಟು ಸಲ ಮಾತಾಡಿದ್ದೇವೆ. ಹಸುವಿಗೆ ಎಷ್ಟು ಹಿಂಡಿ ಇಟ್ಟರೆ ಎಷ್ಟು ಹಾಲು ಎಂದು ಕೇಳಿದರೆ ನೀವು ಬಾಯಲ್ಲೇ ಲೆಕ್ಕ ಹೇಳುತ್ತೀರಿ. ಮನೆಯ ಮಗುವಿಗೆ ಏನು ಕೊಟ್ಟರೆ ಎಷ್ಟು ಬೆಳವಣಿಗೆ ಎಂದು ಕೇಳಿದರೆ ಮಾತ್ರ, "ಹೊಟ್ಟೆ ತುಂಬ ತಿಂದರೆ ಆಯ್ತಲ್ಲ" ಎಂದು ಸುಮ್ಮನಾಗುತ್ತೇವೆ. ಹೊಟ್ಟೆ ತುಂಬಿದರೆ ಸಾಕೇ ಎಂಬುದೇ ಇಂದಿನ ನಮ್ಮ ಪ್ರಶ್ನೆ.

ನಿಮ್ಮ ಊರು ಆನೇಕಲ್ಲಿನ ಕಡೆಯಿರಲಿ, ಹೊಸಕೋಟೆ, ನೆಲಮಂಗಲ, ಮಾಗಡಿಯ ಕಡೆಯಿರಲಿ, ಬೆಳಗಿನ ಜಾವ ಊರ ಮುಂದೆ ಬಸ್ಸೋ ವ್ಯಾನೋ ಬಂದು ನಿಲ್ಲುವುದನ್ನು ದಿನವೂ ನೋಡುತ್ತೀರಿ. ಹೆಣ್ಣುಮಕ್ಕಳು ಪೀಣ್ಯದ ಗಾರ್ಮೆಂಟ್ಸಿಗೆ, ಗಂಡುಮಕ್ಕಳು ಎಲೆಕ್ಟ್ರಾನಿಕ್ ಸಿಟಿಗೆ, ಬೊಮ್ಮಸಂದ್ರಕ್ಕೆ, ವೈಟ್‌ಫೀಲ್ಡಿಗೆ ಹೋಗುತ್ತಾರೆ. ಒಬ್ಬ ಯಂತ್ರದ ಮುಂದೆ ನಿಲ್ಲುತ್ತಾನೆ, ಒಬ್ಬ ಕಾರು ಓಡಿಸುತ್ತಾನೆ, ಒಬ್ಬ ಗೇಟಿನಲ್ಲಿ ಕಾವಲು ಕೂರುತ್ತಾನೆ, ಓದಿದ ಮಗಳು ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ನಾಲ್ಕು ಕಾಸು ಮನೆಗೆ ಬರುತ್ತಿದೆ. ಸಂತೋಷವೇ. ಕಾಸಿನ ಜೊತೆಗೆ ಇನ್ನೇನು ಮನೆಗೆ ಬಂತು ಎಂಬುದನ್ನೂ ಸ್ವಲ್ಪ ನೋಡೋಣ.

ಇಂಥ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಯಜಮಾನರಿಗೆ ಐವತ್ತು ದಾಟಿದೆ. ಹಿಂದೆ ನೇಗಿಲು ಹಿಡಿದವರು. ಈಗ ಹನ್ನೆರಡು ಗಂಟೆ ಕುರ್ಚಿಯ ಮೇಲೆ ಕೂತು ಗೇಟು ಕಾಯುತ್ತಾರೆ. ಹೊಟ್ಟೆ ಮುಂದಕ್ಕೆ ಬಂದಿದೆ, ಸಿಹಿಮೂತ್ರ ರೋಗ ಬಂದಿದೆ, ರಕ್ತದ ಒತ್ತಡಕ್ಕೆ ಮಾತ್ರೆ ನುಂಗುತ್ತಾರೆ. ಸೊಸೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಆಕೆಗೆ ತಲೆಸುತ್ತು, ಏದುಸಿರು. ಡಾಕ್ಟರು ಕಣ್ಣಿನ ರೆಪ್ಪೆ ಇಳಿಸಿ ನೋಡಿ ರಕ್ತ ಕಡಿಮೆ ಎಂದಿದ್ದಾರೆ. ಎರಡು ವರ್ಷದ ಮೊಮ್ಮಗ ವಯಸ್ಸಿಗೆ ತಕ್ಕಷ್ಟು ಬೆಳೆದಿಲ್ಲ. ಕೈಯಲ್ಲಿ ಮಾತ್ರ ಸದಾ ಒಂದು ಬಿಸ್ಕತ್ತು. ಒಂದೇ ಒಲೆ, ಒಂದೇ ಪಾತ್ರೆಯ ಅನ್ನ. ಒಬ್ಬರಿಗೆ ಬೊಜ್ಜು, ಇನ್ನೊಬ್ಬರಿಗೆ ಬಡಕಲು. ಇದು ಹೇಗೆ ಸಾಧ್ಯ?

ಲೋಕದ ಲೆಕ್ಕ, ನಾಡಿನ ಲೆಕ್ಕ

ಹಸಿವೆಂದರೆ ಬಡವರ ರೋಗ, ಬೊಜ್ಜೆಂದರೆ ಸಾಹುಕಾರರ ರೋಗ ಎಂದು ನಮ್ಮ ಹಿರಿಯರು ತಿಳಿದಿದ್ದರು. ಅವರ ಕಾಲಕ್ಕೆ ಆ ಮಾತು ಸರಿಯೂ ಆಗಿತ್ತು. ಈಗ ಲೋಕದ ಲೆಕ್ಕ ಬೇರೆಯಾಗಿದೆ. ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಪ್ರಪಂಚದಲ್ಲಿ ಸುಮಾರು 67 ಕೋಟಿ ಜನ ಹಸಿವಿನಲ್ಲಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಸುಮಾರು 250 ಕೋಟಿ ವಯಸ್ಕರ ತೂಕ ಇರಬೇಕಾದ್ದಕ್ಕಿಂತ ಹೆಚ್ಚಾಗಿತ್ತು. ಅವರಲ್ಲಿ 89 ಕೋಟಿ ಜನರಿಗೆ ಬೊಜ್ಜೇ ಬಂದಿತ್ತು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ತೂಕ ಸಾಲದವರಿಗಿಂತ ಬೊಜ್ಜಿನವರೇ ಹೆಚ್ಚಾಗಿದ್ದಾರೆಂದು ಯುನಿಸೆಫ್ ಸಂಸ್ಥೆ 2025ರಲ್ಲಿ ಹೇಳಿತು. ಕಾಳು, ಸೊಪ್ಪು, ಹಾಲು, ಹಣ್ಣು ಸೇರಿದ ಒಳ್ಳೆಯ ಊಟವನ್ನು ಕೊಳ್ಳುವ ಶಕ್ತಿಯಿಲ್ಲದವರು 2024ರಲ್ಲಿ 260 ಕೋಟಿ. ಹಸಿದವರ ನಾಲ್ಕರಷ್ಟು ಜನ! ಇವರಲ್ಲಿ ಬಹುಮಂದಿಗೆ ಹೊಟ್ಟೆ ತುಂಬುವುದೇನೋ ತುಂಬುತ್ತದೆ. ತುಂಬುವುದು ಅಗ್ಗದ ಅಕ್ಕಿ, ಗೋಧಿ, ಮೈದಾ, ಸಕ್ಕರೆ, ಎಣ್ಣೆಗಳಿಂದ.

ನಮ್ಮ ನಾಡಿನ ಮಾತೂ ಹೀಗೆಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ. ನೂರಕ್ಕೆ 65ಕ್ಕೂ ಹೆಚ್ಚು ಎಳೆಯ ಮಕ್ಕಳಿಗೆ ರಕ್ತಹೀನತೆ ಇತ್ತು. ಹೆಂಗಸರಲ್ಲಿ ನೂರಕ್ಕೆ 17 ಮಂದಿ ತೀರ ಸಣಕಲು, 30 ಮಂದಿ ಅತಿತೂಕ. ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ. ಗಂಡಸರಲ್ಲಿಯೂ ನೂರಕ್ಕೆ 30ರ ಮೇಲೆ ಅತಿತೂಕದವರು. ಬೊಜ್ಜು, ರಕ್ತಹೀನತೆ ಎರಡೂ ಒಬ್ಬರ ಮೈಯಲ್ಲೇ ಸೇರಿರುವುದೂ ಉಂಟು. ದಪ್ಪಗಿದ್ದಾರೆಂದ ಮಾತ್ರಕ್ಕೆ ಅವರಿಗೆ ಪುಷ್ಟಿಯಿದೆ ಎಂದು ಹೇಳಲು ಬರುವುದಿಲ್ಲ.

ಹೊಲ ಹೋಯಿತು, ಅಕ್ಕಡಿ ಸಾಲೂ ಹೋಯಿತು

ಬೆಂಗಳೂರಿನ ಸುತ್ತಿನ ನೆಲ ಕೆಂಪು ನೆಲ, ಮಳೆ ನಂಬಿದ ಬೇಸಾಯ, ಬೆಳೆ ರಾಗಿ. ಎಲೆಕ್ಟ್ರಾನಿಕ್ ಸಿಟಿ ಎದ್ದದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಹಳ್ಳಿಗಳ ಜಮೀನಿನಲ್ಲಿ. 1970ರ ದಶಕದ ಕೊನೆಗೆ ಕಿಯೋನಿಕ್ಸ್ ಸಂಸ್ಥೆ ಆರ್. ಕೆ. ಬಾಳಿಗರ ಮುಂದಾಳುತನದಲ್ಲಿ ಅಲ್ಲಿ 332 ಎಕರೆಯಲ್ಲಿ ಕೆಲಸ ಆರಂಭಿಸಿತು. ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆದದ್ದೂ 1970ರ ದಶಕದಿಂದಲೇ. ವೈಟ್‌ಫೀಲ್ಡ್ ಇನ್ನೂ ಹಳೆಯದು. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ ಜನರಿಗೆ ಬೇಸಾಯ ಮಾಡಿಕೊಂಡಿರಲೆಂದು ಕೊಟ್ಟ ನೆಲ ಅದು. ಅಲ್ಲಿ ಐಟಿ ಕಂಪೆನಿಗಳ ದೊಡ್ಡ ಕಟ್ಟಡಗಳು ಎದ್ದದ್ದು 1990ರ ದಶಕದ ಕೊನೆಯಿಂದ ಈಚೆಗೆ. ಹೊಸಕೋಟೆಯಿಂದ ಕೋಲಾರದವರೆಗೆ ಎಷ್ಟೋ ರಾಗಿ ಹೊಲಗಳಲ್ಲಿ 1980ರ ದಶಕದಿಂದ ನೀಲಗಿರಿ ತೋಪುಗಳು ಬಂದವು. ಆಮೇಲೆ ಸೈಟುಗಳು ಬಂದವು.

ಕೆಲಸ ಕೊಟ್ಟ ಕಾರ್ಖಾನೆಯನ್ನು ದೂರಿ ಪ್ರಯೋಜನವಿಲ್ಲ. ಹೊಲದ ಜೊತೆಗೆ ನಾವು ಏನನ್ನು ಕಳೆದುಕೊಂಡೆವು ಎಂಬುದು ಮಾತ್ರ ನೆನಪಿರಬೇಕು. ನಮ್ಮ ಹಿರಿಯರು ರಾಗಿಯನ್ನು ಒಂಟಿಯಾಗಿ ಬಿತ್ತಲಿಲ್ಲ. ಇಷ್ಟು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ ಎಂದು ಬಿಟ್ಟು, ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ನಾಲ್ಕು ಕಡ್ಡಿ ಜೋಳ ಹಾಕುತ್ತಿದ್ದರು. ಕಳೆ ಕೀಳಲು ಹೋದ ಹೆಂಗಸರು ಅಣ್ಣೆ ಸೊಪ್ಪು, ದಂಟು, ಹೊನಗೊನ್ನೆ, ಗಣಿಕೆ ಎಲ್ಲ ಸೇರಿಸಿ ಬೆರಕೆ ಸೊಪ್ಪು ಮಡಿಲಲ್ಲಿ ಕಟ್ಟಿ ತರುತ್ತಿದ್ದರು. ಆ ಹೊಲವೇ ರಾತ್ರಿ ತಟ್ಟೆಗೆ ಬರುತ್ತಿತ್ತು: ರಾಗಿಯ ಮುದ್ದೆ, ಅವರೆಕಾಳಿನ ಸಾರು, ಸೊಪ್ಪಿನ ಬಸ್ಸಾರು, ಹುಚ್ಚೆಳ್ಳಿನ ಚಟ್ನಿ. ಯಾವ ಪಂಡಿತರೂ ಬಂದು ಹೇಳದೆಯೇ ಶಕ್ತಿ ಕೊಡುವ ಧಾನ್ಯ, ಮೈ ಬೆಳೆಸುವ ಕಾಳು, ರಕ್ತ ಕೊಡುವ ಸೊಪ್ಪು, ಜಿಡ್ಡಿಗೆ ಎಣ್ಣೆಕಾಳು ನಾಲ್ಕೂ ಕೂಡಿಬರುತ್ತಿದ್ದವು. ಹುಳು ಮುಟ್ಟದ ರಾಗಿಯನ್ನು ಹಗೇವಿನಲ್ಲಿ ತುಂಬಿ ಬರಗಾಲಕ್ಕೆ ಕಾಯ್ದಿಡುತ್ತಿದ್ದರು.

ಆ ಕಾಲದಲ್ಲಿ ಎಲ್ಲರೂ ಸುಖವಾಗಿದ್ದರು ಎಂದು ಹೇಳಿದರೆ ತಪ್ಪಾದೀತು. ಮುಂಗಾರು ತಪ್ಪಿದರೆ ಉಪವಾಸವೇ ಗತಿಯಾಗಿತ್ತು. ಈಗ ಅನ್ನಕ್ಕೆ ಅಂಥ ಭಯವಿಲ್ಲ. 2013ರಲ್ಲಿ ಅನ್ನಭಾಗ್ಯ ಬಂದ ಮೇಲಂತೂ ಬಡವರ ಮನೆಯ ಒಲೆ ಆರದೆ ಉರಿಯುವಂತಾಯಿತು. ಇದು ಸಣ್ಣ ಮಾತಲ್ಲ. ಆದರೆ ಅಕ್ಕಿಯೊಂದು ಬಂದು ಕೂತ ತಟ್ಟೆಯಿಂದ ಕಾಳು, ಸೊಪ್ಪುಗಳು ಒಂದೊಂದಾಗಿ ಎದ್ದು ಹೋದವು. ಅಕ್ಕಿ ದೊಡ್ಡದು, ರಾಗಿ ಚಿಕ್ಕದು ಎಂಬ ಭಾವನೆ ನಮ್ಮಲ್ಲಿ ಹಳೆಯದು. ಐನೂರು ವರ್ಷಗಳಷ್ಟು ಹಿಂದೆಯೇ ಕನಕದಾಸರು ಇವೆರಡರ ಜಗಳವನ್ನು 'ರಾಮಧಾನ್ಯ ಚರಿತೆ'ಯಲ್ಲಿ ಹೇಳಿ, ರಾಗಿಯನ್ನೇ ಗೆಲ್ಲಿಸಿದರು. ನಾವು ಮಾತ್ರ ನೆಂಟರು ಬಂದರೆ ಮುದ್ದೆ ಮುಚ್ಚಿಟ್ಟು ಅನ್ನ ಬಡಿಸುವುದನ್ನು ಬಿಡಲಿಲ್ಲ.

ಹೊಟ್ಟೆಯ ಹಸಿವು, ಮೈಯ ಹಸಿವು

ಈಗ ನಮ್ಮ ಪ್ರಶ್ನೆಗೆ ಬರೋಣ. ಹಸಿವಿನಲ್ಲಿ ಎರಡು ಬಗೆ. ಒಂದು ಹೊಟ್ಟೆಯ ಹಸಿವು; ಅದು ಕೂಗಿ ಹೇಳುತ್ತದೆ. ಇನ್ನೊಂದು ಮೈಯ ಹಸಿವು, ಅದಕ್ಕೆ ಬಾಯಿಲ್ಲ. ಕಬ್ಬಿಣದ ಅಂಶ, ಸುಣ್ಣದ ಅಂಶ, ಸಸಾರಜನಕ ಅಂದರೆ ಪ್ರೋಟೀನು, ಜೀವಸತ್ವಗಳು ಇವು ಸಾಲದೇ ಹೋದಾಗ ಹೊಟ್ಟೆ ತುಂಬಿದ್ದರೂ ಮೈ ಹಸಿದೇ ಇರುತ್ತದೆ. ಹೊಲಕ್ಕೆ ಬರೀ ಯೂರಿಯಾ ಎರಚಿದರೆ ಪೈರು ಹಸುರಾಗಿ ಎದ್ದು, ಕಾಳು ಕಟ್ಟದೆ ಮಲಗುವುದನ್ನು ನೋಡಿದ್ದೀರಲ್ಲ? ಬರೀ ಅನ್ನ, ತಿಳಿಸಾರು, ಟೀ, ಬನ್ನು ತಿಂದ ಮೈಯೂ ಹಾಗೆಯೇ.

ಲೆಕ್ಕ ನೋಡಿ. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ 300 ಮಿಲಿಗ್ರಾಮಿಗೂ ಮೇಲೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ನಾರಿನ ಅಂಶವೂ ರಾಗಿಯಲ್ಲಿ ಅಕ್ಕಿಯ ಮೂರು ನಾಲ್ಕರಷ್ಟು. ಪ್ರೋಟೀನು ಮಾತ್ರ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ, ನೂರಕ್ಕೆ ಏಳೆಂಟು ಗ್ರಾಂ. ಅವರೆ, ಹುರುಳಿಗಳಲ್ಲಿ ಅದು ನೂರಕ್ಕೆ ಇಪ್ಪತ್ತರ ಆಸುಪಾಸು ಇರುತ್ತದೆ. ಆದ್ದರಿಂದ ಮುದ್ದೆಯಾಗಲಿ ಅನ್ನವಾಗಲಿ, ಜೊತೆಗೆ ಕಾಳು ಇಲ್ಲದಿದ್ದರೆ ಮಗುವಿನ ಮೈ ಬೆಳೆಯುವುದಿಲ್ಲ. ಧಾನ್ಯದ ಕೊರತೆಯನ್ನು ಕಾಳು ತುಂಬುತ್ತದೆ, ಕಾಳಿನ ಕೊರತೆಯನ್ನು ಧಾನ್ಯ ತುಂಬುತ್ತದೆ.

ಇನ್ನು ಬೊಜ್ಜು ಹೇಗೆ ಬಂತು? ತಿಂದ ಶಕ್ತಿ ದುಡಿದ ಶಕ್ತಿಗಿಂತ ಹೆಚ್ಚಾದರೆ ಉಳಿದದ್ದು ಕೊಬ್ಬಾಗಿ ಮೈಗೆ ಸೇರುತ್ತದೆ. ಉತ್ತು, ಹರಗಿ, ಹೊರೆ ಹೊತ್ತವನಿಗೆ ಎರಡು ಮುದ್ದೆ ಸಾಲದು. ಗೇಟಿನಲ್ಲಿ ಕೂತವನಿಗೆ ಅದೇ ಎರಡು ಮುದ್ದೆ ಹೆಚ್ಚು. ಕೂತು ತಿಂದರೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಹಣಕ್ಕೆ ಹೇಳಿದ್ದು. ಮೈಗೂ ಅದು ಒಪ್ಪುತ್ತದೆ. ಎಣ್ಣೆಯೋ, ಒಂದು ಸಣ್ಣ ಚಮಚದಲ್ಲಿ 45 ಕ್ಯಾಲೊರಿ ಶಕ್ತಿ. ಬೋಂಡ, ಗೋಬಿ, ಪರೋಟದಲ್ಲಿ ಎಷ್ಟು ಚಮಚ ಎಣ್ಣೆ ಒಳಗೆ ಹೋಯಿತೆಂದು ಲೆಕ್ಕವಿಟ್ಟವರಿಲ್ಲ. 200 ಮಿಲಿಲೀಟರಿನ ಸಿಹಿ ಪಾನೀಯದ ಬಾಟಲಿಯಲ್ಲಿ ಹೆಚ್ಚು ಕಡಿಮೆ ನಾಲ್ಕೈದು ಚಮಚ ಸಕ್ಕರೆ ಇರುತ್ತದೆ. ರಾತ್ರಿ ಪಾಳಿ, ಅರೆನಿದ್ದೆ, ಹೊತ್ತಲ್ಲದ ಹೊತ್ತಿನ ಊಟ ಇವೂ ಸೇರಿದರೆ ಕೇಳುವುದೇ ಬೇಡ. ಇದು ಬರೀ ಕೂಲಿಯವರ ಕಷ್ಟವಲ್ಲ. ಪಕ್ಕದ ಹೈದರಾಬಾದಿನಲ್ಲಿ 345 ಐಟಿ ನೌಕರರನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 84 ಜನರ ಪಿತ್ತಜನಕಾಂಗದಲ್ಲಿ ಕೊಬ್ಬು ಸೇರಿರುವುದು ಕಂಡುಬಂತು. ಒಳ್ಳೆಯ ಸಂಬಳ, ತಂಪು ಕೋಣೆ, ಮೆತ್ತನೆಯ ಕುರ್ಚಿ ಇದ್ದವರ ಪಾಡು ಇದು.

ಹೀಗೆ ನೋಡಿದರೆ ಬೊಜ್ಜು, ಹಸಿವು ಎರಡೂ ಎದುರುಬದುರು ನಿಂತ ಶತ್ರುಗಳಲ್ಲ, ಒಂದೇ ತಟ್ಟೆಯ ಮಕ್ಕಳು. ಶಕ್ತಿ ತುಂಬಿ ಪುಷ್ಟಿಯಿಲ್ಲದ ಆಹಾರ ಕೂತವನಿಗೆ ಹೊಟ್ಟೆ ಬೆಳೆಸುತ್ತದೆ, ಬಸುರಿಯ ರಕ್ತ ಒಣಗಿಸುತ್ತದೆ, ಮಗುವಿನ ಎತ್ತರ ನಿಲ್ಲಿಸುತ್ತದೆ.

ಮೈಸೂರಿನ ಆಸ್ಪತ್ರೆಯ ಹಳೆಯ ಪುಸ್ತಕ

ಇವೆರಡಕ್ಕೂ ಇನ್ನೊಂದು ಆಳವಾದ ನಂಟುಂಟು. ಅದು ಗೊತ್ತಾಗಲು ನಮ್ಮ ಮೈಸೂರಿನ ಒಂದು ಆಸ್ಪತ್ರೆಯೂ ನೆರವಾಯಿತು. ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅರುವತ್ತು ವರ್ಷಗಳ ಮೇಲೆ ವೈದ್ಯರು ಆ ಪುಸ್ತಕ ತೆರೆದು, 1934ರಿಂದ 1954ರ ಒಳಗೆ ಅಲ್ಲಿ ಹುಟ್ಟಿದ್ದ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಯೋಚಿಸುವಂಥದು. ಹುಟ್ಟಿದಾಗ ಮೂರು ಕಿಲೋಗಿಂತ ಚೆನ್ನಾಗಿ ತೂಗಿದವರಲ್ಲಿ ನೂರಕ್ಕೆ ಮೂವರಿಗೆ ಹೃದಯದ ಕಾಯಿಲೆ ಇತ್ತು. ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ. ತಾಯಿಯೂ ಬಸುರಿನಲ್ಲಿ 45 ಕಿಲೋಗಿಂತ ಕಡಿಮೆ ಇದ್ದು, ಮಗುವೂ ಅಷ್ಟು ಸಣ್ಣದಾಗಿ ಹುಟ್ಟಿದ್ದವರಲ್ಲಿ ನೂರಕ್ಕೆ 20!

ಇದರ ಅರ್ಥವೇನು? ಹೊಟ್ಟೆಯೊಳಗಿದ್ದಾಗಲೇ ಬರಗಾಲ ಕಂಡ ಮಗುವಿನ ಮೈ, ಸಿಕ್ಕಿದ್ದನ್ನು ಕೊಬ್ಬಾಗಿ ಕೂಡಿಡುವ ಜಿಪುಣತನ ಕಲಿಯುತ್ತದೆ ಎಂದು ವೈದ್ಯರು ವಿವರಿಸುತ್ತಾರೆ. ಮುಂದೆ ಆ ಮಗು ದೊಡ್ಡವನಾಗಿ ಕುರ್ಚಿಯ ಕೆಲಸ ಹಿಡಿದು, ಎಣ್ಣೆ ಸಕ್ಕರೆ ತಿನ್ನತೊಡಗಿದಾಗ ಕಲಿತ ಜಿಪುಣತನವೇ ಮುಳುವಾಗುತ್ತದೆ. ಹೊಟ್ಟೆಯ ಸುತ್ತ ಬೊಜ್ಜು, ಸಿಹಿಮೂತ್ರ, ಹೃದಯದ ಬೇನೆ ಬೇಗ ಬರುತ್ತವೆ. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಕೂಡುವುದು ನಮ್ಮ ದೇಶದವರಲ್ಲಿ ಹೆಚ್ಚು. ಅಂದಮೇಲೆ ಇವತ್ತು ಸೊಸೆಯ ತಟ್ಟೆಗೆ ಬಿದ್ದ ತುತ್ತು ಐವತ್ತು ವರ್ಷ ಮುಂದಿನ ಮೊಮ್ಮಗನ ಹೃದಯದ ಲೆಕ್ಕಕ್ಕೂ ಸೇರುತ್ತದೆ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದ ಸಾರಿನಲ್ಲಿ ಆಕೆ ಉಣ್ಣುವ ಪದ್ಧತಿ ಎಷ್ಟು ದುಬಾರಿಯೆಂದು ಅತ್ತೆಯಂದಿರೂ ಯಜಮಾನರೂ ಯೋಚಿಸಬೇಕು.

ಏನು ಮಾಡಬಹುದು?

ಕಾಯಿಲೆಯ ಮಾತು ಇಲ್ಲಿಗೆ ಸಾಕು. ಕೈಲಾಗುವ ಕೆಲಸಗಳನ್ನು ನೋಡೋಣ.

ಮೊದಲನೆಯದು ಎಳೆಗೂಸಿನ ಊಟ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು. ಆರು ತಿಂಗಳು ತುಂಬುವ ತನಕ ಎದೆಹಾಲೊಂದೇ, ನೀರೂ ಬೇಡ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಮೊಳಕೆ ರಾಗಿಯ ಸರಿ ಕೊಡಿ. ರಾಗಿಯನ್ನು ತೊಳೆದು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಮೊಳಕೆ ಬರಿಸಿ, ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಿ ಜರಡಿ ಹಿಡಿಯಿರಿ. ಮೊಳಕೆ ಬಂದ ರಾಗಿಯ ಗಂಜಿ ಬೇಗ ಗಟ್ಟಿಯಾಗುವುದಿಲ್ಲ. ಆದ್ದರಿಂದ ಸಣ್ಣ ಹೊಟ್ಟೆಗೆ ಹೆಚ್ಚು ಹಿಟ್ಟು ಹೋಗುತ್ತದೆ. ಅದಕ್ಕೆ ಬೇಯಿಸಿ ನುರಿದ ಬೇಳೆ, ಸೊಪ್ಪು, ಅರ್ಧ ಚಮಚ ತುಪ್ಪ ಸೇರಿಸಿ. ಅತ್ತಾಗಲೆಲ್ಲ ಬಿಸ್ಕತ್ತು ಕೊಡುವ ಅಭ್ಯಾಸ ಬಿಡಿ. ಅದು ಮೈದಾ, ಸಕ್ಕರೆ, ತಾಳೆ ಎಣ್ಣೆ. ಹಸಿವು ಕೊಲ್ಲುತ್ತದೆ, ಮೈ ಬೆಳೆಸುವುದಿಲ್ಲ. ದಿನಕ್ಕೆ ಐದು ರೂಪಾಯಿಯ ಎರಡು ಪ್ಯಾಕೆಟ್ಟು ಎಂದರೆ ತಿಂಗಳಿಗೆ 300 ರೂಪಾಯಿ. ಮೊಟ್ಟೆ ಒಂದಕ್ಕೆ ಎಂಟು ರೂಪಾಯಿ ಎಂದೇ ಇಟ್ಟುಕೊಂಡರೂ ಆ ಹಣಕ್ಕೆ ದಿನಕ್ಕೊಂದು ಬಂದು ಇನ್ನೂ ಮಿಗುತ್ತದೆ. ಮೊಟ್ಟೆ ತಿನ್ನದ ಮನೆಯವರು ಹಾಲು, ಮೊಸರು, ಕಡಲೆಕಾಯಿ ಕೊಡಬಹುದು.

ಮಗು ಬೆಳೆಯುತ್ತಿದೆಯೋ ಇಲ್ಲವೋ ಎಂದು ಕಣ್ಣಂದಾಜಿನಲ್ಲಿ ತಿಳಿಯುವುದಿಲ್ಲ. ತಿಂಗಳಿಗೊಮ್ಮೆ ಅಂಗನವಾಡಿಗೆ ಕರೆದೊಯ್ದು ತೂಗಿಸಿ, ಪಟ್ಟಿಯಲ್ಲಿ ಗೆರೆ ಎಳೆಸಿ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿಗೆ ಅವರು ಒಂದು ಪಟ್ಟಿ ಸುತ್ತಿ ಅಳೆಯುತ್ತಾರೆ. ಸುತ್ತಳತೆ ಹನ್ನೆರಡೂವರೆ ಸೆಂಟಿಮೀಟರಿಗಿಂತ ಕಡಿಮೆಯಾದರೆ ಎಚ್ಚರಿಕೆ. ಹನ್ನೊಂದೂವರೆಗಿಂತ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. "ನಮ್ಮ ವಂಶವೇ ಸಣ್ಣ ಆಳು" ಎಂದು ಕೈಕಟ್ಟಿ ಕೂರಬೇಡಿ.

ಎರಡನೆಯದು ಹೆಣ್ಣುಮಕ್ಕಳ ಊಟ. ಬಸುರಿ, ಬಾಣಂತಿ, ಬೆಳೆಯುವ ಹುಡುಗಿ, ಇವರಿಗೆ ಮೊದಲು ಬಡಿಸಿ. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರಿನಲ್ಲಿ ಆರಂಭವಾಯಿತು. ಹೋಗಿ ಹೆಸರು ಬರೆಸಿ, ನಾಚಿಕೆ ಬೇಡ. ಕಬ್ಬಿಣದ ಮಾತ್ರೆಯನ್ನು ಡಬ್ಬಿಯಲ್ಲಿಡದೆ ನುಂಗಿ. ಊಟದ ಜೊತೆಗೇ ಟೀ ಕುಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದಿಲ್ಲ. ಒಂದು ಗಂಟೆಯಾದರೂ ಬಿಟ್ಟು ಕುಡಿಯಿರಿ. ಅನ್ನಕ್ಕೆ ನಿಂಬೆಹುಳಿ ಹಿಂಡಿ, ಒಂದು ನೆಲ್ಲಿಕಾಯಿ ತಿನ್ನಿ. ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಗಾರ್ಮೆಂಟ್ಸಿಗೆ ಹೋಗುವ ಮಗಳು ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿ, ಹತ್ತು ಗಂಟೆಗೆ ಟೀ ಬನ್ನು ತಿನ್ನುವುದು ಬೇಡ. ರಾತ್ರಿಯೇ ನೆನೆಸಿಟ್ಟ ಹೆಸರುಕಾಳು, ಒಂದು ರಾಗಿ ರೊಟ್ಟಿ, ಕಡಲೆಕಾಯಿ ಚಟ್ನಿ ಬುತ್ತಿಯಲ್ಲಿರಲಿ. ಬುತ್ತಿ ಕಟ್ಟುವ ಕೆಲಸದಲ್ಲಿ ಮನೆಯ ಗಂಡಸರೂ ಕೈಹಾಕಿದರೆ ಮಾನವೇನೂ ಹೋಗುವುದಿಲ್ಲ.

ಮೂರನೆಯದು ಕೂತು ದುಡಿಯುವವರ ಮಾತು. ಒಂದು ಟೇಪು ತಂದು ಹೊಕ್ಕುಳಿನ ಮಟ್ಟದಲ್ಲಿ ಸೊಂಟ ಅಳೆದುಕೊಳ್ಳಿ. ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಸೆಂಟಿಮೀಟರು ದಾಟಬಾರದು. ದಾಟಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತದ ಸಕ್ಕರೆ, ಒತ್ತಡ ಪರೀಕ್ಷೆ ಮಾಡಿಸಿ. ರಾಗಿ ಒಳ್ಳೆಯದೆಂದು ಎರಡೆರಡು ದಪ್ಪ ಮುದ್ದೆ ನುಂಗಿದರೂ ಬೊಜ್ಜು ಬಿಡದು. ಕೂತ ದಿನಕ್ಕೆ ಒಂದು ಸಣ್ಣ ಮುದ್ದೆ, ಎರಡು ಪಾಲು ಸೊಪ್ಪು ಕಾಳು. ದಿನಕ್ಕೆ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯಿರಿ. ಉಪ್ಪು ಒಬ್ಬರಿಗೆ ದಿನಕ್ಕೆ ಐದು ಗ್ರಾಂ ಅಂದರೆ ಒಂದು ಸಣ್ಣ ಚಮಚ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳ, ಕುರುಕಲಿನ ಉಪ್ಪೂ ಅದರಲ್ಲೇ ಸೇರಿತು.

ನಾಲ್ಕನೆಯದು ಹೊಲದ ಮಾತು. ಇದು ರೈತರಾದ ನಿಮ್ಮ ಕೈಯಲ್ಲೇ ಇರುವುದು. ಐದು ಜನರ ಮನೆಗೆ ತಲೆಗೆ ದಿನಕ್ಕೆ 150 ಗ್ರಾಂ ರಾಗಿ ಎಂದರೆ ವರ್ಷಕ್ಕೆ ಎರಡೂಮುಕ್ಕಾಲು ಕ್ವಿಂಟಾಲು. ಮಳೆ ಚೆನ್ನಾದ ವರ್ಷ ಅರ್ಧ ಎಕರೆ ಸಾಕು. ಈ ಬೆಳೆಗೆ ನಮ್ಮ ವಿಜ್ಞಾನಿಗಳು ಬಹಳ ದುಡಿದಿದ್ದಾರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರೆಂದೇ ಹೆಸರಾದವರು ನಮ್ಮ ದೇಶದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ 'ಇಂಡಾಫ್' ತಳಿಗಳನ್ನು ಕೊಟ್ಟರು. ಬೆಂಕಿರೋಗ ತಡೆಯುವ ಜಿಪಿಯು-28 ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಬಂತು. 2025–26ನೇ ಸಾಲಿಗೆ ಕ್ವಿಂಟಾಲಿಗೆ 4,886 ರೂಪಾಯಿ ಬೆಂಬಲ ಬೆಲೆ ಗೊತ್ತಾಗಿತ್ತು. ಬೆಲೆ ಬಂದಾಗ ಮಾರಿ, ಬೇಡವೆನ್ನುವುದಿಲ್ಲ. ಮನೆಯ ಎರಡೂಮುಕ್ಕಾಲು ಕ್ವಿಂಟಾಲನ್ನು ಪಕ್ಕಕ್ಕೆ ಅಳೆದಿಟ್ಟು, ಆಮೇಲೆ ಚೀಲ ಹೊಲಿಯಿರಿ. ಹಾಲಿನದೂ ಇದೇ ಲೆಕ್ಕ: ಡೈರಿಗೆ ಹಾಕುವ ಮೊದಲು ಮಕ್ಕಳಿಗೆ ಒಂದು ಲೋಟ ತೆಗೆದಿಡಿ. ಹಾಲು ಮಾರಿ ಟೀ ಪುಡಿ ತರುವುದರಲ್ಲಿ ಜಾಣತನವಿಲ್ಲ.

ರಾಗಿಯೊಳಗೆ ಅಕ್ಕಡಿ ಸಾಲನ್ನು ಬಿಡಬೇಡಿ. ಹೊಲವೆಲ್ಲ ಹೋಗಿ ಮನೆಯೊಂದೇ ಉಳಿದಿದ್ದರೂ ಹಿತ್ತಲಲ್ಲಿ ಒಂದು ನುಗ್ಗೆಮರ, ಒಂದು ಪರಂಗಿ ಗಿಡ, ಬಚ್ಚಲ ನೀರಿಗೆ ಒಂದು ಮಡಿ ದಂಟು ಹಾಕಬಹುದು. ಸೈಟಿನ ಮನೆಯವರು ಮಹಡಿಯ ಮೇಲೆ ಕುಂಡದಲ್ಲಿ ಬೆಳೆಯಬಹುದು. ಹಿತ್ತಲ ಗಿಡ ಮದ್ದಲ್ಲ ಎಂಬ ತಾತ್ಸಾರ ಬೇಡ. ನುಗ್ಗೆಸೊಪ್ಪಿಗಿಂತ ಅಗ್ಗದ ಮದ್ದು ಅಂಗಡಿಯಲ್ಲಿ ಸಿಗುವುದಿಲ್ಲ.

ಐದನೆಯದು ನೆರೆಯವರ ಮಕ್ಕಳ ಮಾತು. ವೈಟ್‌ಫೀಲ್ಡ್, ಸರ್ಜಾಪುರದ ಕಡೆ ಎತ್ತರದ ಕಟ್ಟಡಗಳ ಬೆನ್ನಿಗೆ ತಗಡಿನ ಶೆಡ್ಡುಗಳ ಸಾಲು ಕಾಣುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ, ಒಡಿಶಾ, ಬಂಗಾಳದಿಂದ ಬಂದ ಕೂಲಿಕಾರರು ಅಲ್ಲಿದ್ದಾರೆ. ಅವರೂ ಒಂದು ಕಾಲದ ರೈತರೇ, ಮಳೆ ತಪ್ಪಿ ಬಂದವರು. ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಮಗು ಮರಳ ಗುಡ್ಡೆಯ ಪಕ್ಕದಲ್ಲಿ ಚಿಪ್ಸಿನ ಪೊಟ್ಟಣ ಹಿಡಿದು ಕೂರುತ್ತದೆ. ಒಂದು ದೇಶ ಒಂದು ಪಡಿತರ ಚೀಟಿಯ ಏರ್ಪಾಡು 2022ರಿಂದ ದೇಶದ ಎಲ್ಲ ರಾಜ್ಯಗಳಲ್ಲೂ ಇದೆ. ತಮ್ಮ ಊರಿನ ಕಾರ್ಡಿಗೆ ಇಲ್ಲಿಯೇ ಪಡಿತರ ಪಡೆಯಬಹುದೆಂದು ಅವರಿಗೆ ತಿಳಿಸಿ. ಮಗುವಿಗೆ ಅಂಗನವಾಡಿಯ ದಾರಿ ತೋರಿಸಿ. ಅಂಗನವಾಡಿಯ ಬಾಗಿಲು ಯಾವ ಊರಿನ ಮಗುವಿಗೂ ಮುಚ್ಚಬಾರದೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ.

ಶಾಲೆಗೆ ಹೋಗುವ ಮಕ್ಕಳಿಗೆ ಸರ್ಕಾರ 2013ರಲ್ಲಿ ಕ್ಷೀರಭಾಗ್ಯದ ಹಾಲು ಆರಂಭಿಸಿತು. 2024ರಲ್ಲಿ ಹಾಲಿನ ಜೊತೆಗೆ ರಾಗಿ ಮಾಲ್ಟು ಸೇರಿತು. ಅದು ಸರಿಯಾಗಿ ಮಕ್ಕಳ ಹೊಟ್ಟೆಗೆ ಸೇರುತ್ತಿದೆಯೇ ಎಂದು ಆಗಾಗ ಶಾಲೆಗೆ ಹೋಗಿ ನೋಡುವುದು ತಂದೆತಾಯಿಗಳ ಹಕ್ಕು. ಒಂದು ದಿನ ಅಲ್ಲೇ ಕೂತು ಮಕ್ಕಳ ಜೊತೆ ಊಟ ಮಾಡಿ ನೋಡಿ, ಗೊತ್ತಾಗುತ್ತದೆ.

ಬಾಂಧವರೇ, ಪ್ರಪಂಚದ 67 ಕೋಟಿ ಹಸಿದವರ, 89 ಕೋಟಿ ಬೊಜ್ಜಿನವರ ಕಷ್ಟವನ್ನು ನಾವೊಬ್ಬರೇ ನೀಗಲಾರೆವು. ಯುದ್ಧ, ಬರ, ಬೆಲೆ, ಕೂಲಿ ಎಂದು ಅದಕ್ಕೆ ನೂರೆಂಟು ಕಾರಣಗಳಿವೆ. ಸರ್ಕಾರಗಳು ಮಾಡಬೇಕಾದ ಕೆಲಸ ಬಹಳವಿದೆ. ನಮ್ಮ ಮನೆಯ ತಟ್ಟೆಯಲ್ಲಿ ಇವತ್ತು ರಾತ್ರಿ ಏನಿರಬೇಕು, ಯಾರಿಗೆ ಮೊದಲು ಬಡಿಸಬೇಕು ಎಂಬುದನ್ನು ಮಾತ್ರ ನಾವೇ ತೀರ್ಮಾನಿಸುತ್ತೇವೆ. ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ಬಲ್ಲವನು ಎಂದರೆ ಹೆಚ್ಚು ತಿನ್ನುವವನೂ ಅಲ್ಲ, ಕಡಿಮೆ ತಿನ್ನುವವನೂ ಅಲ್ಲ. ತಟ್ಟೆಯಲ್ಲಿ ಧಾನ್ಯ, ಕಾಳು, ಸೊಪ್ಪು ಮೂರೂ ಇವೆಯೇ ಎಂದು ನೋಡಿ ಕೈ ತೊಳೆಯುವವನು. ಈ ಮುಂಗಾರಿಗೆ ರಾಗಿ ಬಿತ್ತುವಾಗ ಒಂದು ಹಿಡಿ ಅವರೆಯನ್ನೂ ಜೊತೆಗೆ ಒಯ್ಯುವುದನ್ನು ಮರೆಯಬೇಡಿ.